ಖಾಲಿ ಬಿಡಬೇಕಿದ್ದ ಕಾಲಂ

ಮೊನ್ನೆ ಪ್ರಯೋಗಾಲಯದಲ್ಲಿ ಒಬ್ಬಳು ಹುಡುಗಿ ಜರ್ನಲ್ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದಳು. ಮೂರನೆಯ ಸಲ ಬ್ಯೂರೆಟ್ಟಿನ ಅಳತೆ ನೋಡುವ ಮೊದಲೇ ಅವಳು ಅದರಲ್ಲಿದ್ದುದನ್ನು ಸಿಂಕಿಗೆ ಚೆಲ್ಲಿಬಿಟ್ಟಿದ್ದಳು. "ಮಿಸ್, ಮೂರನೇ ರೀಡಿಂಗ್ ಇಲ್ಲ. ಎಂತ ಬರೀಲಿ?" ಎಂದು ಕೇಳಿದಳು. ಮೊದಲೆರಡು ಅಳತೆಗಳು ಒಂದೇ ಆಗಿದ್ದವು. ಮೂರನೆಯದೂ ಅದೇ ಆಗುತ್ತಿತ್ತು ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. "ಖಾಲಿ ಬಿಡು" ಎಂದೆ. ಹಿಂದೆ ನಿಂತಿದ್ದ ಅವಳ ಗೆಳತಿ ನನ್ನ ಮುಖವನ್ನೇ ನೋಡಿದಳು. ಅವಳ ಆಶ್ಚರ್ಯಕ್ಕೆ ಕಾರಣವಿದೆ. ಒಂದು ಚೌಕ ಖಾಲಿ ಇದ್ದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಜರ್ನಲನ್ನು ವಾಪಸು ಕೊಡುವವಳು ಎಂದೇ ಕಾಲೇಜಿನಲ್ಲಿ ನನಗೆ ಹೆಸರು. ಹುಡುಗಿಯರು ನನ್ನ ಬೆನ್ನ ಹಿಂದೆ ಇಟ್ಟಿರುವ ಅಡ್ಡಹೆಸರು ನನಗೆ ಗೊತ್ತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಖಾಲಿ ಚೌಕ ಕಂಡರೆ ಕೈ ತುರಿಸುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ಬಹಳ ವರ್ಷ ಅದನ್ನು ಒಂದು ಗುಣ ಎಂದುಕೊಂಡಿದ್ದೆ. ಈಗ ಆ ಗುಣದಿಂದಾಗಿ ನನ್ನ ಅಜ್ಜಿಯ ಗದ್ದೆ ಅವರ ಕೈತಪ್ಪಬಹುದು ಎನ್ನುವಲ್ಲಿಗೆ ಬಂದು ನಿಂತಿದೆ. ಹೇಗೆಂದು ನಿಮಗೆ ನಿಧಾನವಾಗಿ ಹೇಳಬೇಕು. ಮನೆಯ ವಿಷಯ ಹೊರಗೆ ಹೇಳಿ ನನಗೆ ಅಭ್ಯಾಸವಿಲ್ಲ, ತಡವರಿಸಿದರೆ ಸಹಿಸಿಕೊಳ್ಳಿ.

ಗದ್ದೆ ಇರುವುದು ಪೇಟೆಯ ಹೊರಗೆ ವಾಮಂಜೂರಿನಲ್ಲಿ, ಹೊಸ ಮನೆಗಳ ಸಾಲು ಮುಗಿದು ಸ್ವಲ್ಪ ತಗ್ಗಿಗೆ ಇಳಿದಲ್ಲಿ. ಒಂದು ಎಕರೆಯೂ ಇಲ್ಲ. ಅಜ್ಜನಿಗೆ ಅವರ ತಂದೆಯಿಂದ ಪಾಲಿಗೆ ಬಂದದ್ದು. ಅಜ್ಜನ ತಮ್ಮ ಜೊಕಿಂ ತನ್ನ ಪಾಲಿಗೆ ಬಂದರಿನಲ್ಲಿ ಒಂದು ಅಂಗಡಿ ಕೋಣೆ ಸಾಕೆಂದು ತೆಗೆದುಕೊಂಡಿದ್ದರು. ಕೊಂಕಣಿಯಲ್ಲಿ ಚಿಕ್ಕಪ್ಪನಿಗೆ ಬಾಪ್ಪು ಎನ್ನುತ್ತೇವೆ. ನನ್ನ ಅಪ್ಪನಿಗೆ ಅವರು ಬಾಪ್ಪು, ಹಾಗಾಗಿ ನನಗೂ, ಅಮ್ಮನಿಗೂ, ಆಸುಪಾಸಿನ ಅರ್ಧ ಜನಕ್ಕೂ ಅವರು ಬಾಪ್ಪುವೇ. ನನಗೆ ಹತ್ತು ವರ್ಷವಾಗಿದ್ದಾಗ ಅಜ್ಜ ತೀರಿಕೊಂಡರು. ಅಪ್ಪ ಆಗಲೂ ಗಲ್ಫಿನಲ್ಲಿದ್ದರು, ಈಗಲೂ ಅಲ್ಲೇ ಇದ್ದಾರೆ. ಪಹಣಿಯಲ್ಲಿ ಅಜ್ಜನ ಹೆಸರು ಹೋಗಿ ಅಜ್ಜಿಯ ಹೆಸರು ಬಂತು. ಉಳುವ ಟಿಲ್ಲರಿನವರು ಹೆಂಗಸಿನ ಮಾತಿಗೆ ಬೇಗ ಬರುವುದಿಲ್ಲವೆಂದು ಬಾಪ್ಪು ಬಂದು ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಏನು ಬಿತ್ತಬೇಕು, ಯಾವಾಗ ಬಿತ್ತಬೇಕು, ನಾಟಿಗೆ ಯಾರನ್ನು ಕರೆಯಬೇಕು ಎಂಬುದನ್ನೆಲ್ಲ ಅಜ್ಜಿ ಹೇಳುತ್ತಿದ್ದರು. ಬಾಪ್ಪು ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದರು. ಒಟ್ಟಿನಲ್ಲಿ ಕೆಲಸ ಆಗುತ್ತಿತ್ತು.

ನೀವು ನಮ್ಮ ತೆನೆ ಹಬ್ಬವನ್ನು ನೋಡಿರಲಿಕ್ಕಿಲ್ಲ. ಸೆಪ್ಟೆಂಬರಿನಲ್ಲಿ ಮರಿಯಮ್ಮನವರ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳನ್ನು ಬಿಡಿಸಿ ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತೇವೆ. ಊರಲ್ಲಿಲ್ಲದವರಿಗೆ ಒಣಗಿದ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವುದುಂಟು. ಅಪ್ಪನಿಗೆ ವರ್ಷವೂ ಹೋಗುತ್ತದೆ. ಮೀನಿಲ್ಲದ ಊಟ ನಮ್ಮ ಮನೆಯಲ್ಲಿ ಗೊಣಗಾಟವಿಲ್ಲದೆ ಗಂಟಲಲ್ಲಿ ಇಳಿಯುವುದು ಆ ಒಂದು ದಿನ ಮಾತ್ರ. ಕಷ್ಟವೇನೆಂದರೆ ಹಬ್ಬದ ಹೊತ್ತಿಗೆ ಗದ್ದೆಗಳು ಇನ್ನೂ ಹಸುರಾಗಿಯೇ ಇರುತ್ತವೆ. ಹಾಗಾಗಿ ಯಾರಾದರೊಬ್ಬರು ಒಂದು ಮೂಲೆಯಲ್ಲಿ ಬೇಗ ಬೆಳೆಯುವ ಬೀಜ ಹಾಕಿ ತೆನೆಯನ್ನು ಸಿದ್ಧ ಮಾಡಬೇಕು. ನಮ್ಮ ಇಗರ್ಜಿಗೆ ಆ ತೆನೆ ನಮ್ಮ ಗದ್ದೆಯಿಂದಲೇ ಹೋಗುತ್ತಿತ್ತು. ಅಜ್ಜಿಗೆ ಆ ಮೂಲೆಯ ಮೇಲೆ ಇದ್ದ ಕಾಳಜಿ ನನ್ನ ಮಾರ್ಕುಗಳ ಮೇಲೂ ಇರಲಿಲ್ಲ.

ಹಬ್ಬಕ್ಕೆ ಒಂದು ಪುಸ್ತಕವಿತ್ತು. ಹೂವು ಯಾರು ತಂದರು, ಮಕ್ಕಳಿಗೆ ಹಂಚುವ ಕಬ್ಬು ಯಾರು ತಂದರು, ತೆನೆ ಯಾರು ಕೊಟ್ಟರು ಎಂದು ಅದರಲ್ಲಿ ಬರೆದಿಡುತ್ತಿದ್ದರು. ಅದು ಗುರ್ಕಾರ್ ಲಿಗೋರಿಯವರ ವಶದಲ್ಲಿತ್ತು. ಗುರ್ಕಾರ್ ಎಂದರೆ ಇಗರ್ಜಿಯ ಪರವಾಗಿ ನಮ್ಮ ಆಸುಪಾಸಿನ ಮನೆಗಳನ್ನು ನೋಡಿಕೊಳ್ಳುವ ಹಿರಿಯರು. ಲಿಗೋರಿಯವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. "ನಿನ್ನ ಅಕ್ಷರ ಮುತ್ತಿನ ಹಾಗೆ ಉಂಟು, ನೀನೇ ಬರಿ ಬಾಯಿ" ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಮ್ಮಲ್ಲಿ ಹುಡುಗಿಯರನ್ನೂ ಹೆಂಗಸರನ್ನೂ ಬಾಯಿ ಎಂದು ಕರೆಯುವುದುಂಟು. ಹತ್ತು ವರ್ಷದ ನನಗೆ ಅದು ದೊಡ್ಡ ಉದ್ಯೋಗ ಸಿಕ್ಕಿದಂತೆ ಆಯಿತು. ನಾನು ಸ್ಕೇಲಿನಿಂದ ಗೆರೆ ಎಳೆದೆ.

ಅದು ಅಜ್ಜ ಹೋದ ವರ್ಷ. ದುಃಖದ ಮನೆಯ ಹೆಸರಿನಲ್ಲಿ ಹಬ್ಬದ ತೆನೆ ಹೋಗುವುದು ಅಜ್ಜಿಗೆ ಸರಿಕಾಣಲಿಲ್ಲ. ಹಾಗೆಂದು ತೆನೆ ಕೊಡದೆ ಇರಲೂ ಮನಸ್ಸಿಲ್ಲ. ಕೊನೆಗೆ ನನ್ನನ್ನು ಕರೆದು, "ಈ ವರ್ಷ ಕೊಟ್ಟವರು ಅಂತ ಬಾಪ್ಪುವಿನ ಹೆಸರು ಬರಿ" ಎಂದರು. ಬರೆದೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು: 'ಗದ್ದೆ ಯಾರದ್ದು'. ಯಾರೋ ಒಮ್ಮೆ ಪೇಟೆಯಿಂದ ತೆನೆ ತಂದು ಕೊಟ್ಟಿದ್ದರಂತೆ. ಊರಿನ ಗದ್ದೆಯದ್ದೇ ಆಗಬೇಕೆಂದು ಅಂದಿನ ಪಾದ್ರಿಗಳು ಆ ಕಾಲಂ ಹಾಕಿಸಿದ್ದರು. ಅಲ್ಲಿ ಏನು ಬರೆಯಬೇಕೆಂದು ಅಜ್ಜಿ ಹೇಳಲಿಲ್ಲ. ಪುಟದ ತುಂಬ ನನ್ನ ದುಂಡು ಅಕ್ಷರ, ಮಧ್ಯದಲ್ಲಿ ಒಂದು ಬಿಳಿ ಚೌಕ. ನನಗೆ ತಡೆಯಲಾಗಲಿಲ್ಲ. ಹಿಂದಿನ ಪುಟಗಳಲ್ಲಿ ಅಜ್ಜನ ಹೆಸರಿನ ಎದುರು ಏನಿತ್ತೋ ಅದನ್ನೇ ಬರೆದೆ: 'ಸ್ವಂತ'.

ಹಬ್ಬದ ದಿನ ಬಾಪ್ಪು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದರು. ತೆನೆಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆರವಣಿಗೆಯ ಮುಂದೆ ನಡೆದರು. ಪಾದ್ರಿಗಳು ಮೈಕಿನಲ್ಲಿ ಅವರ ಹೆಸರು ಹೇಳಿದಾಗ ಜೀವನದಲ್ಲಿ ಮೊದಲ ಬಾರಿಗೆ ಹೆಸರು ಕೇಳಿದವರಂತೆ ತಲೆ ಎತ್ತಿದರು. ಮರುವರ್ಷ ನಮ್ಮ ಮನೆಯ ದುಃಖದ ಅವಧಿ ಮುಗಿದಿತ್ತು. ಈ ಸಲ ನಿಮ್ಮ ಹೆಸರೇ ಅಲ್ಲವೇ ಎಂದು ನಾನು ಕೇಳಿದೆ. ಅಜ್ಜಿ ಒಂದು ಕ್ಷಣ ಯೋಚಿಸಿ, "ಪಾಪ, ಅವನಿಗೆ ಎಷ್ಟು ಖುಷಿ ಆಯ್ತು ನೋಡಿದೆಯಾ. ಇರಲಿ ಬಿಡು" ಎಂದರು. ಕೊಟ್ಟ ಮಾನವನ್ನು ವಾಪಸು ಕೇಳುವುದು ನಮ್ಮವರಿಂದ ಆಗದ ಕೆಲಸ. ಹೀಗೆ ಒಂಬತ್ತು ವರ್ಷ. ಒಂಬತ್ತು ಸಲ ಬಾಪ್ಪುವಿನ ಹೆಸರು, ಒಂಬತ್ತು ಸಲ ಪಕ್ಕದಲ್ಲಿ 'ಸ್ವಂತ'. ಕೊನೆಯ ಸಲ ಬರೆದಾಗ ನಾನು ಬಿ.ಎಸ್ಸಿ.ಯಲ್ಲಿದ್ದೆ, ಸುಳ್ಳೆಂದು ತಿಳಿಯದ ವಯಸ್ಸು ಎಂದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಹಿಂದಿನ ವರ್ಷದ ಹಾಗೆ ಇರಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಆಮೇಲೆ ಅಮ್ಮ ಕೆಲಸ ಮಾಡುವ ಆಸ್ಪತ್ರೆಗೆ ಹತ್ತಿರವಾಗಲೆಂದು ನಾವು ಪೇಟೆಯೊಳಗಿನ ಜೆಪ್ಪಿನಲ್ಲಿ ಬಾಡಿಗೆ ಮನೆ ಮಾಡಿದೆವು. ಅಜ್ಜಿಯೂ ಬಂದರು. ಆದರೆ ವಾರದಲ್ಲಿ ಮೂರು ದಿನ ಬಸ್ಸು ಹಿಡಿದು ಗದ್ದೆಗೆ ಹೋಗುತ್ತಿದ್ದರು, ಭಾನುವಾರ ಹಳೆಯ ಇಗರ್ಜಿಗೇ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬುಧವಾರ ಕೋರ್ಟಿನ ಸಮನ್ಸ್ ಬಂತು. ಬಾಪ್ಪು ಮತ್ತು ಅವರ ಮಗ ವಿನ್ಸಿ ದಾವೆ ಹೂಡಿದ್ದರು. ಅಜ್ಜ ಸತ್ತ ವರ್ಷವೇ ಅಜ್ಜಿ ಬಾಯಿಮಾತಿನಲ್ಲಿ ಗದ್ದೆಯನ್ನು ಬಾಪ್ಪುವಿಗೆ ಬಿಟ್ಟುಕೊಟ್ಟಿದ್ದಾರೆ, ಅಂದಿನಿಂದ ಅದು ಅವರ ಸ್ವಾಧೀನದಲ್ಲೇ ಇದೆ, ಆದ್ದರಿಂದ ಅವರೇ ಮಾಲೀಕರೆಂದು ಘೋಷಿಸಬೇಕು ಎಂಬುದು ಅವರ ಬೇಡಿಕೆ. ಬಾಪ್ಪುವಿಗೆ ಎಂಬತ್ತರ ಹತ್ತಿರ, ಕಿವಿ ಮಂದ. ಸಹಿ ಹಾಕುವಾಗ ಅವರಿಗೆ ಎಷ್ಟು ಅರ್ಥವಾಗಿತ್ತೋ ನಾನು ಹೇಳಲಾರೆ. ದಾವೆ ಮುಗಿಯುವ ತನಕ ಯಾರೂ ಗದ್ದೆಗೆ ಇಳಿಯಬಾರದು ಎಂದು ಕೋರ್ಟು ಆದೇಶ ಮಾಡಿತು. ಬಾಪ್ಪುವಿನ ಕಡೆಯವರು ಕೊಟ್ಟ ದಾಖಲೆಗಳಲ್ಲಿ ಹಬ್ಬದ ಪುಸ್ತಕವೂ ಇತ್ತು. ನಮ್ಮ ವಕೀಲರ ಮೇಜಿನ ಮೇಲೆ ಅದರ ಜೆರಾಕ್ಸ್ ನೋಡಿದಾಗ ನನಗೆ ಮೊದಲು ಕಂಡದ್ದು ಸ್ಕೇಲಿನ ಗೆರೆಗಳು.

"ಪಹಣಿ ನಿಮ್ಮಜ್ಜಿಯ ಹೆಸರಿನಲ್ಲಿ ಉಂಟು, ತೀರ್ವೆ ಕಟ್ಟಿದ ರಶೀದಿ ಉಂಟು, ಅದೆಲ್ಲ ಸರಿ" ಎಂದರು ವಕೀಲರು. "ಆದ್ರೆ ಹಕ್ಕು ಒಂದು, ಸ್ವಾಧೀನ ಇನ್ನೊಂದು. ನಿಮ್ಮ ಮನೆಯವರೇ ಊರ ಎದುರಿಗೆ ಒಂಬತ್ತು ವರ್ಷ ಗದ್ದೆ ಅವರದ್ದು ಅಂತ ಬರೆದು ಕೊಟ್ರೆ ನಾನು ಎಂತ ಮಾಡ್ಲಿ? ಈ 'ಸ್ವಂತ' ಒಂದು ಇಲ್ಲದಿದ್ರೆ ನಾನು ಇಷ್ಟು ತಲೆಬಿಸಿ ಮಾಡ್ತಿರ್ಲಿಲ್ಲ."

ಅಜ್ಜಿ ತಕ್ಷಣ, "ಅದು ಆ ಲಿಗೋರಿಯ ಕೆಲಸ. ನಾನು ಹೆಸರು ಮಾತ್ರ ಬರೀಲಿಕ್ಕೆ ಹೇಳಿದ್ದು. ಅವನು ಹೇಳಿದ್ದನ್ನು ಮಗು ಬರೆದಿದೆ, ಮಗುವಿಗೆ ಎಂತ ಗೊತ್ತು?" ಎಂದರು. ವಕೀಲರು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಎಂಬುದು ಎರಡು ವರ್ಷವಾಯಿತು. ಅಜ್ಜಿ ಲಿಗೋರಿಯವರ ಜೊತೆ ಮಾತು ಬಿಟ್ಟರು. ಇಗರ್ಜಿಯಲ್ಲಿ ಲಿಗೋರಿ ಕುಳಿತುಕೊಳ್ಳುವ ಬದಿಯಿಂದ ಎದ್ದು ಇನ್ನೊಂದು ಬದಿಯ ಬೆಂಚಿಗೆ ಹೋದರು. ಅವರು ನಮಸ್ಕಾರ ಹೇಳಿದರೆ ಜಪಮಣಿಯನ್ನು ನೋಡುತ್ತ ನಡೆದುಬಿಡುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಲಿಗೋರಿಯವರ ಮುಖ ಸಣ್ಣದಾಗುವುದನ್ನು ನೋಡುತ್ತಿದ್ದೆ. ಮನೆಗೆ ಬಂದು ಅಜ್ಜಿ ಬಡಿಸಿದ ಗಂಜಿ ಉಣ್ಣುತ್ತಿದ್ದೆ. ನಾನು ಕಡಿಮೆ ಮಾತಿನವಳು ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ನನ್ನ ಮೌನ ಯಾರ ಗಮನಕ್ಕೂ ಬರಲಿಲ್ಲ. ಮಿತಭಾಷಿಗಳಿಗೆ ಇರುವ ಅನುಕೂಲ ಅದು. ನಾವು ಅಡಗಿಸಿಟ್ಟದ್ದೂ ಸ್ವಭಾವದ ಲೆಕ್ಕಕ್ಕೆ ಹೋಗುತ್ತದೆ.

ದಿನಾಂಕದ ಮೇಲೆ ದಿನಾಂಕ ಬಿದ್ದು ಕೊನೆಗೆ ನನ್ನ ಸಾಕ್ಷಿಯ ಸರದಿ ಬಂತು. ನಾನು ಬಾರದಿದ್ದರೆ ಹೆದರಿಕೊಂಡರು ಎನ್ನುತ್ತಾರೆ, ಬರಲೇಬೇಕು ಎಂದರು ವಕೀಲರು. ಹೊರಡುವಾಗ ಸ್ವರ ತಗ್ಗಿಸಿ, "ಆ ಕಾಲಂ ಬಗ್ಗೆ ಕೇಳಿದ್ರೆ ನೆನಪಿಲ್ಲ ಅನ್ನಿ. ಆಗ ಚಿಕ್ಕವರಲ್ವಾ, ಯಾರೂ ತಪ್ಪು ತಿಳಿಯುವುದಿಲ್ಲ" ಎಂದರು. ಆ ವಾರ ನಾನು ಬಸ್ಸಿನಲ್ಲಿ, ತರಗತಿಗೆ ಹೋಗುವ ಮೆಟ್ಟಿಲಿನಲ್ಲಿ, ಹಲ್ಲುಜ್ಜುವಾಗ ಕನ್ನಡಿಯ ಎದುರು 'ನೆನಪಿಲ್ಲ' ಎಂದು ಹೇಳಿ ನೋಡಿದೆ. ಹೇಳಲು ಬಹಳ ಸುಲಭದ ಪದ. ಒಂದು ಸಲ ಪಾಠದ ಮಧ್ಯೆ ಒಬ್ಬಳು ಏನೋ ಕೇಳಿದಾಗ ಅದೇ ಬಾಯಿಗೆ ಬಂದುಬಿಟ್ಟಿತು. ನೆನಪಿತ್ತು ನೋಡಿ, ಅದೇ ತೊಂದರೆ. ಪೆನ್ನಿನ ಬಣ್ಣವೂ ನೆನಪಿತ್ತು.

ಕೋರ್ಟಿನ ಜಗಲಿಯಲ್ಲಿ ಒಂದೇ ಬೆಂಚು ಖಾಲಿ ಇತ್ತು. ಒಂದು ತುದಿಯಲ್ಲಿ ಅಜ್ಜಿ, ಇನ್ನೊಂದು ತುದಿಯಲ್ಲಿ ಬಾಪ್ಪು ಕುಳಿತರು. ನಾನೂ ವಿನ್ಸಿಯೂ ಎರಡು ಕಂಬಗಳಿಗೆ ಒರಗಿ ನಿಂತೆವು. ಸ್ವಲ್ಪ ಹೊತ್ತಿನಲ್ಲಿ ಬಾಪ್ಪು ಜಾರುತ್ತ ಜಾರುತ್ತ ನಡುವಿಗೆ ಬಂದರು. "ವೊನಿ, ಮೊಣಕಾಲು ಹೇಗುಂಟು?" ಎಂದು ಕೇಳಿದರು. ವೊನಿ ಎಂದರೆ ಅತ್ತಿಗೆ.

"ಉಂಟು. ನಿನ್ನ ಶುಗರ್?"

"ಅದೂ ಉಂಟು."

"ಪಪ್ಪಾ, ಈಚೆ ಬನ್ನಿ" ಎಂದು ವಿನ್ಸಿ ಕರೆದ.

"ಎಂತ?"

"ಎಂತದೂ ಇಲ್ಲ. ಈಚೆ ಬನ್ನಿ ಅಂದೆ."

"ಇಲ್ಲಿ ಗಾಳಿ ಉಂಟು ಮಾರಾಯ" ಎಂದು ಬಾಪ್ಪು ಅಲ್ಲೇ ಕುಳಿತರು. ಅಜ್ಜಿ ನಗಲಿಲ್ಲ, ಆದರೆ ಕೈಚೀಲವನ್ನು ಬೆಂಚಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಜಾಗ ಮಾಡಿದರು.

ನನ್ನ ಹೆಸರು ಕರೆದರು. ಪ್ರಮಾಣ ಮಾಡಿಸಿದರು. ಎದುರು ಪಕ್ಷದ ವಕೀಲರು ವಯಸ್ಸಾದವರು, ಧ್ವನಿ ಮೃದು. ಪುಸ್ತಕವನ್ನು ನನ್ನ ಮುಂದೆ ತೆರೆದು, ಈ ಅಕ್ಷರ ಯಾರದ್ದು ಎಂದು ಕೇಳಿದರು. ನನ್ನದು ಎಂದೆ. ಒಂಬತ್ತು ವರ್ಷದ್ದೂ? ಒಂಬತ್ತೂ.

"'ಸ್ವಂತ' ಅಂತ ಬರೀಲಿಕ್ಕೆ ನಿಮಗೆ ಹೇಳಿದ್ದು ಯಾರು?"

ಅಲ್ಲಿಂದ ಹಿಂದಿನ ಸಾಲಿನ ಬೆಂಚು ಕಾಣುತ್ತಿತ್ತು. ಅಜ್ಜಿ ಮುಂದಕ್ಕೆ ಬಾಗಿ ಕುಳಿತಿದ್ದರು. ಲಿಗೋರಿ ಎಂದು ನಾನು ಹೇಳಲಿ ಎಂದು ಅವರು ಕಾಯುತ್ತಿದ್ದರು. ನಮ್ಮ ವಕೀಲರು ಇನ್ನೊಂದು ಪದಕ್ಕಾಗಿ ಕಾಯುತ್ತಿದ್ದರು.

"ಯಾರೂ ಹೇಳಲಿಲ್ಲ. ನಾನೇ ಬರೆದೆ."

"ಅಂದ್ರೆ ಗದ್ದೆ ಜೊಕಿಂ ಅವರದ್ದು ಅಂತ ನಿಮಗೆ ಗೊತ್ತಿತ್ತು."

"ಇಲ್ಲ. ಅಜ್ಜಿಯದ್ದು ಅಂತ ಗೊತ್ತಿತ್ತು."

"ಮತ್ತೆ ಯಾಕೆ ಬರೆದ್ರಿ?"

"ಕಾಲಂ ಖಾಲಿ ಇದ್ದದ್ದು ಚಂದ ಕಾಣಲಿಲ್ಲ."

ಯಾರೋ ನಕ್ಕರು. "ಚಂದಕ್ಕೆ ಒಂಬತ್ತು ವರ್ಷ ಸುಳ್ಳು ಬರೆದ್ರಾ?" ಎಂದರು ವಕೀಲರು.

"ಹೌದು."

"ಈಗ ಹೇಳ್ತಿರುವುದು ಕೂಡ ಚಂದಕ್ಕೆಯಾ?"

"ಇಲ್ಲ ಸರ್. ಇದು ಚಂದ ಕಾಣುವುದಿಲ್ಲ."

ನ್ಯಾಯಾಧೀಶರು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, ಟೈಪು ಮಾಡುವವರಿಗೆ ನನ್ನ ಮಾತನ್ನು ಬೇರೆ ಯಾರದ್ದೋ ಎನಿಸುವಷ್ಟು ಅಚ್ಚುಕಟ್ಟಾಗಿ ಹೇಳಿ ಬರೆಸಿದರು. ಹಿಂದಿನಿಂದ ಬಾಪ್ಪುವಿನ ದೊಡ್ಡ ಸ್ವರ ಕೇಳಿಸಿತು: "ಎಂತ ಹೇಳಿದ್ಲು?" "ಸುಮ್ಮನಿರಿ ಪಪ್ಪಾ" ಎಂದ ವಿನ್ಸಿ. ಅಜ್ಜಿ ಈಗ ಹಿಂದಕ್ಕೆ ಒರಗಿದ್ದರು. ಅವರ ಮುಖ ಕಾಣಲಿಲ್ಲ.

ಹೊರಗೆ ನಮ್ಮ ವಕೀಲರು, "ಒಳ್ಳೆಯದಾಯ್ತೋ ಕೆಟ್ಟದ್ದಾಯ್ತೋ ನನಗೂ ಗೊತ್ತಿಲ್ಲ. ನಂಬಿದ್ರೆ ನಮಗೆ, ನಂಬದಿದ್ರೆ ಅವರಿಗೆ" ಎಂದು ಹೇಳಿ ಇನ್ನೊಂದು ಕೋರ್ಟ್ ಹಾಲಿಗೆ ಓಡಿದರು. ನಾನು ಜೆಪ್ಪಿನ ಬಸ್ಸಿನ ಕಡೆ ತಿರುಗಿದೆ. "ಅಲ್ಲ" ಎಂದರು ಅಜ್ಜಿ. "ವಾಮಂಜೂರಿನ ಬಸ್ ಹಿಡಿ."

ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಕುಳಿತರು. ನನ್ನ ಟಿಕೇಟನ್ನೂ ಅವರೇ ತೆಗೆದರು. ಅರ್ಧ ದಾರಿಯಲ್ಲಿ ನಾನು, "ಬರೆದದ್ದು ತಪ್ಪಾಯ್ತು" ಎಂದೆ.

"ಬರೆದದ್ದು ಬಿಡು, ಹತ್ತು ವರ್ಷದ ಹುಡುಗಿ. ಎರಡು ವರ್ಷ ನನ್ನ ಎದುರು ಕೂತು ಊಟ ಮಾಡಿದೆಯಲ್ಲ. ಒಂದು ದಿನ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ? ನಾನು ಆ ಮನುಷ್ಯನ ಮುಖ ನೋಡದೆ ಕ್ರಿಸ್ತಪ್ರಸಾದ ತೆಗೆದುಕೊಂಡಿದ್ದೇನೆ. ಗೊತ್ತಿದ್ದೂ ನೀನು ಪಕ್ಕದಲ್ಲಿ ನಿಂತಿದ್ದೆ." ಕಿಟಕಿಯ ಕಡೆ ತಿರುಗಿದರು. ಎದುರಿನ ಸೀಟಿನ ಹೆಂಗಸು ನಮ್ಮನ್ನು ನೋಡುತ್ತಿದ್ದಳು. ಸಾಮಾನ್ಯವಾಗಿ ಅಂಥ ಹೊತ್ತಿನಲ್ಲಿ ನಾನು ಭೂಮಿಗೆ ಇಳಿದುಹೋಗುತ್ತೇನೆ. ಅಂದು ನೋಡಿದರೆ ನೋಡಲಿ ಎನಿಸಿತು.

ಲಿಗೋರಿ ಮನೆಯ ಎದುರು ತೆಂಗಿನಗರಿ ಸಿಗಿಯುತ್ತ ಕುಳಿತಿದ್ದರು. ಅಜ್ಜಿಯನ್ನು ಕಂಡು ಕತ್ತಿ ಕೆಳಗಿಟ್ಟು ಎದ್ದು ನಿಂತರು. ಅಜ್ಜಿ ನನ್ನ ಬೆನ್ನಿಗೆ ಕೈ ಕೊಟ್ಟು ಮುಂದೆ ತಳ್ಳಿದರು. "ಹೇಳು."

ನಾನು ಹೇಳಿದೆ. ಪುಸ್ತಕ, ಕಾಲಂ, ಅಜ್ಜಿಯ ಕೋಪಕ್ಕೆ ಕಾರಣ, ನನ್ನ ಮೌನ. ಕೋರ್ಟಿನಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು; ಅಲ್ಲಿ ಪ್ರಶ್ನೆ ಕೇಳುವವರಾದರೂ ಇದ್ದರು. ಲಿಗೋರಿ ಕೇಳಿ ಮುಗಿಸಿ ಅಜ್ಜಿಯ ಕಡೆ ನೋಡಿದರು.

"ಇದಕ್ಕಾ ಸೆರಾಫಿನ್ ಬಾಯಿ ನೀವು ಮಾತು ಬಿಟ್ಟದ್ದು? ನಾನು ನನ್ನ ಕೋಳಿ ನಿಮ್ಮ ನೇಜಿ ತಿಂದದ್ದಕ್ಕೆ ಅಂತ ಗ್ರಹಿಸಿದ್ದೆ. ಆ ಕೋಳಿಯನ್ನು ನಾನು ಆವತ್ತೇ ಕೊಯ್ದಿದ್ದೇನೆ!"

"ಯಾವ ಕೋಳಿ?" ಎಂದರು ಅಜ್ಜಿ. "ನಿನ್ನ ಕೋಳಿಯಾ ಅದು? ನಾನು ನವಿಲು ಅಂತ ತಿಳಿದಿದ್ದೆ!" ಅಲ್ಲಿಂದ ನೇಜಿಯ, ಎಂದರೆ ಭತ್ತದ ಸಸಿಯ, ವಿಚಾರವಾಗಿ ಬೇರೆ ಜಗಳ ಹತ್ತಿಕೊಂಡು, ಚಹಾ ಬರುವವರೆಗೆ ನಡೆಯಿತು.

ವಾಪಸು ಬರುವಾಗ ಗದ್ದೆಯ ಪಕ್ಕದ ರಸ್ತೆಯಲ್ಲಿ ಅಜ್ಜಿ ನಿಂತರು. ಎರಡು ವರ್ಷ ಯಾರೂ ಇಳಿಯದೆ ಹುಲ್ಲು ಸೊಂಟದವರೆಗೆ ಬೆಳೆದಿತ್ತು, ಬದು ಒಂದು ಕಡೆ ಕುಸಿದಿತ್ತು. ನೋಡುವವರು ಯಾರೂ ಇರಲಿಲ್ಲ. ಕೆಳಗಿಳಿದು ಬದುವಿನಿಂದ ಬಿದ್ದ ನಾಲ್ಕು ಕಲ್ಲನ್ನು ಎತ್ತಿಟ್ಟರೆ ಕೋರ್ಟಿಗೆ ಗೊತ್ತಾಗುತ್ತಿರಲಿಲ್ಲ. ಅಜ್ಜಿ ಚಪ್ಪಲಿಯ ತುದಿಯನ್ನು ಡಾಂಬರಿನ ಅಂಚಿಗೆ ಸರಿಯಾಗಿ ಇಟ್ಟುಕೊಂಡು ನಿಂತಿದ್ದರು, ಒಂದು ಬೆರಳೂ ಆಚೆ ಹೋಗದ ಹಾಗೆ. ನನ್ನ ಗೆರೆಯ ಹುಚ್ಚು ಎಲ್ಲಿಂದ ಬಂತೆಂದು ನನಗೆ ಅಂದು ತಿಳಿಯಿತು.

ವಾದಗಳೆಲ್ಲ ಮುಗಿದಿವೆ. ಬರುವ ಗುರುವಾರ ತೀರ್ಪು. ನಾನು ಬರೆದ ಒಂದು ಪದವನ್ನು ನಂಬುತ್ತಾರೋ, ನಾನು ಹೇಳಿದ ಇನ್ನೊಂದನ್ನು ನಂಬುತ್ತಾರೋ, ಯಾರಿಗೂ ಗೊತ್ತಿಲ್ಲ. ಗೆದ್ದರೂ ವಿನ್ಸಿ ಮೇಲಿನ ಕೋರ್ಟಿಗೆ ಹೋಗುತ್ತಾನೆ ಎನ್ನುತ್ತಾರೆ. ಸೋತರೆ ಆ ಡಾಂಬರಿನ ಅಂಚೇ ಅಜ್ಜಿಯ ಕೊನೆಯ ಗಡಿ. ಈ ವಾರ ನನಗೆ ಅನ್ನ ಸೇರುತ್ತಿಲ್ಲ. ಹಿಂದಿನ ನಾನಾಗಿದ್ದರೆ ತಲೆನೋವು ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇವತ್ತು ಸಂಜೆ ಅಡುಗೆಮನೆಗೆ ಹೋದೆ. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕುಳಿತು ಬಸಳೆ ಬಿಡಿಸುತ್ತಿದ್ದರು. ಬಾಗಿಲಲ್ಲೇ ನಿಂತು, "ನನಗೆ ಹೆದರಿಕೆ ಆಗ್ತಾ ಉಂಟು" ಎಂದೆ. ಇಷ್ಟು ವರ್ಷದಲ್ಲಿ ಆ ಮಾತನ್ನು ನಾನು ಮನೆಯಲ್ಲಿ ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಅಜ್ಜಿ ತಲೆ ಎತ್ತಲಿಲ್ಲ. ಕಾಲು ಮಡಚಿ ಜಾಗ ಮಾಡಿದರು.

"ನನಗೂ ಉಂಟು. ಬಾ, ಕೂತ್ಕೋ. ಒಟ್ಟಿಗೆ ಹೆದರುವ. ಈ ದಂಟು ಎಲ್ಲ ನೀನು ತುಂಡು ಮಾಡು."